ತಾನೇ ಅದುರುವ ಸ್ನಾಯು

ಅಶೋಕವನದಲ್ಲಿ ಸೀತೆಯ ಎಡಗಣ್ಣು ಅದುರುತ್ತದೆ. ಕಣ್ವಾಶ್ರಮಕ್ಕೆ ಕಾಲಿಡುವಾಗ ದುಷ್ಯಂತನ ಬಲತೋಳು ಅದುರುತ್ತದೆ. ಹೆಣ್ಣಿಗೆ ಎಡ, ಗಂಡಿಗೆ ಬಲ ಶುಭ ಎಂಬ ಈ ನಂಬಿಕೆ ವಾಲ್ಮೀಕಿ, ಕಾಳಿದಾಸರನ್ನು ದಾಟಿ ನಮ್ಮ ಅಜ್ಜಿಯರ ಬಾಯಲ್ಲೂ ಉಳಿದಿದೆ. ಈಗ ಮೊಬೈಲಿನಲ್ಲಿ ಹುಡುಕಿದವರಿಗೆ ಅದೇ ಅದುರು ದೊಡ್ಡ ನರರೋಗದ ಮುನ್ಸೂಚನೆಯಾಗಿ ಕಾಣುತ್ತದೆ. ಶಕುನವಾಗಲಿ ಭಯವಾಗಲಿ, ಎರಡೂ ಆ ಪುಟ್ಟ ಮಿಡಿತದ ಮೇಲೆ ಸಲ್ಲದ ಭಾರ ಹೊರಿಸುತ್ತವೆ.

ಬೆನ್ನುಹುರಿಯಲ್ಲೋ ಮಿದುಳಿನ ಕಾಂಡದಲ್ಲೋ ಇರುವ ಒಂದು ನರಕೋಶ, ಅದರ ಉದ್ದನೆಯ ತಂತು, ಆ ತಂತು ಕವಲೊಡೆದು ಮುಟ್ಟುವ ಸ್ನಾಯುವಿನ ಎಳೆಗಳು: ಇಷ್ಟೂ ಸೇರಿ ಚಲನೆಯ ಒಂದು ಘಟಕ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುಗಳಲ್ಲಿ ಒಂದು ನರಕೋಶದ ಪಾಲಿಗೆ ಬರುವುದು ಬೆರಳೆಣಿಕೆಯಷ್ಟು ಎಳೆಗಳು. ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು. ಮಿದುಳಿನ ಅಪ್ಪಣೆಯಿಲ್ಲದೆ ತಂತು ಕೆರಳಿ ವಿದ್ಯುತ್ ಮಿಡಿತ ಹೊಮ್ಮಿಸಿದರೆ ಆ ಘಟಕದ ಎಳೆಗಳೆಲ್ಲ ಒಟ್ಟಿಗೆ ಕುಗ್ಗುತ್ತವೆ. ಚರ್ಮದಡಿ ಹುಳು ಹರಿದಂತಾಗುತ್ತದೆ. ಕೈಕಾಲು ಸಾಮಾನ್ಯವಾಗಿ ಅಲುಗುವುದಿಲ್ಲ. ನರಕ್ಕೂ ವಿದ್ಯುತ್ತಿಗೂ ಇರುವ ಈ ನಂಟಿನ ಸ್ಪಷ್ಟ ಸುಳಿವು ಸಿಕ್ಕಿದ್ದು ಇಟಲಿಯ ಬೊಲೊನ್ಯದಲ್ಲಿ. ಸತ್ತ ಕಪ್ಪೆಯ ಕಾಲು ಒದೆಯುವುದನ್ನು ಕಂಡ ಲೂಯಿಜಿ ಗ್ಯಾಲ್ವಾನಿ 1791ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ.

ರೆಪ್ಪೆ ಅದುರುವುದು ಹೆಚ್ಚಾಗಿ ಒಂದೇ ಕಣ್ಣಿನಲ್ಲಿ, ಅದೂ ಬಹುಪಾಲು ಕೆಳರೆಪ್ಪೆಯಲ್ಲಿ. ನಿದ್ದೆಗೆಟ್ಟವರು, ಪರೀಕ್ಷೆಯ ಒತ್ತಡದಲ್ಲಿರುವವರು, ಲೋಟದ ಮೇಲೆ ಲೋಟ ಕಾಫಿ ಕುಡಿಯುವವರು ಇದನ್ನು ಬಲ್ಲರು. ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಕಾಡಿ ತಾನೇ ನಿಲ್ಲುತ್ತದೆ. ಕಾಫಿ ತಗ್ಗಿಸಿ ಚೆನ್ನಾಗಿ ನಿದ್ದೆ ಮಾಡುವುದೇ ಇದಕ್ಕೆ ಮೊದಲ ಮದ್ದು.

ಮೊಬೈಲಿನಲ್ಲಿ ಹುಡುಕಿದವರು ಹೆದರುವ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲೂ ಸ್ನಾಯು ಅದುರುತ್ತದೆ ನಿಜ. ಆದರೆ ಅಲ್ಲಿ ನರಕೋಶಗಳೇ ಸಾಯುತ್ತಿರುತ್ತವೆ. ಆದ್ದರಿಂದ ಅಂಗಿಯ ಗುಂಡಿ ಹಾಕಲಾಗದು, ಪಾದ ಎಡವುತ್ತದೆ, ಮಾತು ತೊದಲುತ್ತದೆ, ಸ್ನಾಯು ಸೊರಗುತ್ತದೆ. ವೈದ್ಯರು ಅದುರನ್ನಷ್ಟೇ ನೋಡದೆ ಈ ಬಲಹೀನತೆಯನ್ನು ಹುಡುಕುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ನಿರಪಾಯದ ಅದುರುವಿಕೆಯಿದ್ದ 121 ಜನರನ್ನು ವರ್ಷಗಟ್ಟಲೆ ಗಮನಿಸಿ 1993ರಲ್ಲಿ ವರದಿ ಮಾಡಿದರು. ಅವರಲ್ಲಿ ಒಬ್ಬರಿಗೂ ಆ ಕಾಯಿಲೆ ಬಂದಿರಲಿಲ್ಲ. ರಾತ್ರಿಯೆಲ್ಲ ತೊಡೆ ಮುಟ್ಟಿ ನೋಡಿಕೊಂಡು ಕೂರುವವರಿಗೆ ಈ ಸಂಗತಿ ಮೊದಲು ತಿಳಿಯಬೇಕು.

ಮುಖದ ಒಂದು ಪಕ್ಕವೇ ಪದೇ ಪದೇ ಸೆಳೆಯುತ್ತಿದ್ದರೆ ಮಾತ್ರ ವಿಷಯ ಬೇರೆ. ಅಲ್ಲಿ ಹಲವು ಸಲ ರಕ್ತನಾಳವೊಂದು ಮುಖದ ನರವನ್ನು ಒತ್ತುತ್ತಿರುತ್ತದೆ. ಬೊಟುಲಿನಮ್ ವಿಷದ ಸಣ್ಣ ಚುಚ್ಚುಮದ್ದು ಅದನ್ನು ತಿಂಗಳುಗಟ್ಟಲೆ ತಡೆಯಬಲ್ಲದು.

ರೈತರ ಮನೆಗಳಲ್ಲಿ ತಿಳಿದಿರಲೇಬೇಕಾದ ಇನ್ನೊಂದು ಅದುರಿದೆ. ನರದ ತುದಿಯಿಂದ ಸ್ನಾಯುವಿಗೆ ಸಂದೇಶ ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಆರ್ಗ್ಯಾನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುವುದರಿಂದ ಸಂದೇಶ ನಿಲ್ಲುವುದೇ ಇಲ್ಲ. ಔಷಧಿ ಹೊಡೆದು ಬಂದವರಿಗೆ ಜೊಲ್ಲು, ಬೆವರು, ವಾಂತಿಯ ಜತೆ ಮೈಯ ಸ್ನಾಯುಗಳು ಅಲ್ಲಲ್ಲಿ ಅದುರತೊಡಗಿದರೆ ಕಾಯಬಾರದು. ಮುಂದೆ ಉಸಿರಾಟದ ಸ್ನಾಯುಗಳೇ ಸೋಲಬಹುದು. ಬಟ್ಟೆ ಬಿಚ್ಚಿಸಿ, ಸಾಬೂನು ಹಚ್ಚಿ ಮೈ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಔಷಧಿಯ ಡಬ್ಬಿಯ ಮೇಲಿನ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು.