ನಂದಿಗಿರಿಯ ನೆತ್ತಿಯಿಂದ ಕಾಣುವ ನಾಡು



ಪರ್ವತಾರೋಹಣವೆಂದೊಡನೆ ಹಗ್ಗ, ಹಿಮ, ಪ್ರಾಣಾಪಾಯ ಇವುಗಳನ್ನೇ ನೆನೆಯುವವರಿಗೆ ನಂದಿಬೆಟ್ಟವು ನಿರಾಶೆಯನ್ನುಂಟುಮಾಡೀತು. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 4,850 ಅಡಿ. ಆದರೆ ಬೆಂಗಳೂರೇ 3,000 ಅಡಿಗಳ ಮೇಲಿರುವುದರಿಂದ ನಾವು ಕಾಲ್ನಡಿಗೆಯಿಂದ ಏರಬೇಕಾದುದು ಅದರಲ್ಲೊಂದು ಪಾಲು ಮಾತ್ರ. ಸುಲ್ತಾನಪೇಟೆಯ ಕಡೆಯಿಂದ ಸಾವಿರಕ್ಕೆ ಮೇಲ್ಪಟ್ಟ ಕಲ್ಲುಮೆಟ್ಟಿಲುಗಳಿವೆ. ನಡುನಡುವೆ ಕುಳಿತು ದಣಿವಾರಿಸಿಕೊಂಡು ಹತ್ತಿದರೂ ಎರಡು ಗಂಟೆಗಳೊಳಗೆ ಕೋಟೆಯನ್ನು ಸೇರಬಹುದು. ಮೋಟಾರು ರಸ್ತೆಯೂ ಉಂಟು. ಅದರಲ್ಲಿ ಹೋದವರು ನೆತ್ತಿಯನ್ನು ಮುಟ್ಟುವರೇ ಹೊರತು ಬೆಟ್ಟವನ್ನು ಬಲ್ಲವರಾಗರೆಂಬುದು ನನ್ನ ಅಭಿಮತ.

ಹೈದರ್ ಮತ್ತು ಟಿಪ್ಪೂ ಬಲಪಡಿಸಿದ ಈ ದುರ್ಗವು 1791ನೆಯ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯ ವಶವಾಯಿತು. ಆ ಕಥೆ ಬಹುಮಂದಿಗೆ ತಿಳಿದದ್ದೇ.

ಸೂರ್ಯೋದಯವನ್ನು ನೋಡಲೆಂದು ಬರುವವರು ಅನೇಕ ವೇಳೆ ಮಂಜನ್ನು ಮಾತ್ರ ಕಂಡು ಹಿಂದಿರುಗುತ್ತಾರೆ. ನಿರ್ಮಲವಾದ ಚಳಿಗಾಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಬಿಟ್ಟು ಬೇಗನೆ ತಣಿಯುತ್ತದೆ. ಅದಕ್ಕೆ ತಗುಲಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ತಗ್ಗುಗಳಿಗೆ ಇಳಿದು ನಿಲ್ಲುತ್ತದೆ. ಅದರಲ್ಲಿನ ನೀರಾವಿಯು ಸೂಕ್ಷ್ಮ ಹನಿಗಳಾಗುತ್ತದೆ. ಮೇಲೆ ನಿಂತವರಿಗೆ ಅದು ಬಿಳಿಯ ಸಮುದ್ರ. ಸುತ್ತಣ ಗಿರಿಗಳು ಅದರ ದ್ವೀಪಗಳು. ನೋಟ ರಮಣೀಯವೇ. ಆದರೆ ಬಿಸಿಲೇರಿ ಈ ತೆರೆ ಸರಿಯುವ ತನಕ, ಒಂಬತ್ತು ಹತ್ತು ಗಂಟೆಯವರೆಗೆ, ಕಾದಿರುವವರಿಗೇ ನಾಡಿನ ನಿಜವಾದ ನಕ್ಷೆ ಕಾಣುವುದು.

ಆ ನಕ್ಷೆಯಲ್ಲಿ ಕಣ್ಣಿಗೆ ಬೀಳುವುದು ಕೆರೆಗಳು, ಒಂದರ ಕೆಳಗೊಂದು. ನದಿ ಕಾಣದು, ಆದರೂ ನದಿಗಳ ತವರು ಇದು. ಈ ಗಿರಿಶ್ರೇಣಿಯಲ್ಲಿಯೂ ಅದರ ಆಸುಪಾಸಿನಲ್ಲಿಯೂ ಬಿದ್ದ ಮಳೆಯ ಒಂದು ಪಾಲು ಅರ್ಕಾವತಿಯಾಗಿ ಕಾವೇರಿಯನ್ನು ಸೇರಬೇಕು. ಇನ್ನೊಂದು ಉತ್ತರ ಪಿನಾಕಿನಿಯಾಗಿ ನೆಲ್ಲೂರಿನ ಕಡೆಗೆ, ಮತ್ತೊಂದು ದಕ್ಷಿಣ ಪಿನಾಕಿನಿಯಾಗಿ ಕಡಲೂರಿನ ಕಡೆಗೆ ಹೋಗಬೇಕು. ಹಿಮದ ಆಸರೆಯಿಲ್ಲದ ಈ ನದಿಗಳಿಗೆ ಮಳೆಯೇ ಜೀವ, ಅದನ್ನು ನೆಲಕ್ಕಿಂಗಿಸುವ ಕೆರೆಗಳೇ ಭಂಡಾರ. ನೀರಾವರಿಯ ಮಹಾಶಿಲ್ಪಿ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯೂ ಈ ಬೆಟ್ಟದ ನೆರೆಯಲ್ಲಿಯೇ ಇರುವುದು ಸೋಜಿಗವಲ್ಲವೆ!

ಬೆಂಗಳೂರಿನ ಶ್ರೋತೃಗಳಿಗೆ ಈ ನೋಟ ಬರಿಯ ವಿನೋದವಾಗಲಾರದು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರ ತರುವಾಯ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ಬಂದದ್ದು ಅರ್ಕಾವತಿಯ ನೀರೇ. 1974ರಲ್ಲಿ ಕಾವೇರಿಯ ನೀರು ಬಂದ ಮೇಲೆ ಜನರು ಈ ಚಿಕ್ಕ ನದಿಯನ್ನು ಮರೆತರು. ಕೆರೆಗೆ ನೀರು ತರುತ್ತಿದ್ದ ಕಾಲುವೆಗಳು ಮುಚ್ಚಿಹೋದುವು. ನೀಲಗಿರಿ ತೋಪುಗಳು ಹಬ್ಬಿದುವು. ಕೊಳವೆಬಾವಿಗಳು ಅಂತರ್ಜಲವನ್ನು ಪಾತಾಳಕ್ಕಿಳಿಸಿದುವು. ಈಗ ಅರ್ಕಾವತಿಯ ಮೇಲ್ಪಾತ್ರದಲ್ಲಿ ವರ್ಷದ ಬಹುಭಾಗ ಪ್ರವಾಹವೇ ಇಲ್ಲ.

ಕಾಲದ ವಿಪರ್ಯಾಸವನ್ನು ನೋಡಿರಿ: ಯಾವ ಸೀಮೆ ನಗರಕ್ಕೆ ಕುಡಿಯುವ ನೀರನ್ನು ಕಳುಹಿಸುತ್ತಿದ್ದಿತೋ, ಅದೇ ಸೀಮೆಯ ಕೆರೆಗಳಿಗೆ ಇಂದು ನಗರವು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಕೊಳಾಯಿಗಳ ಮೂಲಕ ತುಂಬಿಸಲಾಗುತ್ತಿದೆ. ಬೆಟ್ಟದ ನೆತ್ತಿಯಲ್ಲಿ ನಿಂತು ಚಿಕ್ಕಬಳ್ಳಾಪುರದ ಕಡೆಗೆ ನೋಡಿದಾಗ ಬಿಸಿಲಿಗೆ ಥಳಥಳಿಸುವ ಕೆರೆಗಳಲ್ಲಿ ಮಳೆಯಿಂದ ತುಂಬಿದ್ದು ಯಾವುದು, ಬೆಂಗಳೂರಿನಿಂದ ಬಂದದ್ದು ಯಾವುದು ಎಂಬುದು ಅಷ್ಟು ಎತ್ತರದಿಂದ ತಿಳಿಯುವಂತಿಲ್ಲ.