ನಡುವಯಸ್ಸಿನ ತಲೆನೋವು ಮತ್ತು ಬೆವರು: ಕಾರಣಗಳೇನು?

ನನ್ನ ಸಹೋದ್ಯೋಗಿಯೊಬ್ಬರು ಗಣಿತದ ಅಧ್ಯಾಪಕರು. ನಲವತ್ತೈದು ದಾಟಿದ ಮೇಲೆ ಅವರಿಗೆ ಆಗಾಗ ತಲೆನೋವು ಬರತೊಡಗಿತು. ಡಿಸೆಂಬರಿನ ಬೆಳಗಿನ ತರಗತಿಯಲ್ಲೂ ಅಂಗಿ ಬೆವರಿನಿಂದ ತೊಯ್ದಿರುತ್ತಿತ್ತು. "ವಯಸ್ಸಾಯಿತು ಸಾರ್, ಜೊತೆಗೆ ಮೌಲ್ಯಮಾಪನದ ಕಾಟ ಬೇರೆ" ಎಂದು ಅವರು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ನಿಜವಾದ ಕಾರಣ ತಿಳಿಯಲು ಏಳು ವರ್ಷ ಹಿಡಿಯಿತು. ಅದು ಹೇಗೆಂದು ಹೇಳುವ ಮೊದಲು ಬೆವರಿನ ವಿಚಾರವನ್ನು ಸ್ವಲ್ಪ ನೋಡೋಣ.

ಚರ್ಮದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2400 ಜೂಲ್ ಶಾಖ ಬೇಕು. ಸುಮ್ಮನೆ ಕುಳಿತಿರುವ ವಯಸ್ಕರ ದೇಹ ಸೆಕೆಂಡಿಗೆ ಸುಮಾರು 100 ಜೂಲ್ ಶಾಖವನ್ನು ಉತ್ಪಾದಿಸುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ, ಆರೂವರೆ ಗಂಟೆಗೂ ಹೆಚ್ಚು ಕಾಲ ಉತ್ಪತ್ತಿಯಾದ ಶಾಖವನ್ನು ಅದು ಹೊತ್ತೊಯ್ಯುತ್ತದೆ. (ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಈ ಲಾಭವಿಲ್ಲ. ಮಂಗಳೂರಿನ ಸೆಕೆ ಅಷ್ಟು ಕಾಡುವುದು ಇದರಿಂದಲೇ.) ಇಷ್ಟು ಸಮರ್ಥವಾದ ಈ ವ್ಯವಸ್ಥೆಗೆ ಆಜ್ಞೆ ಕೊಡುವುದು ಮಿದುಳಿನ ಹೈಪೊಥಲಾಮಸ್. ಆದ್ದರಿಂದ ಸೆಕೆಯಿಲ್ಲದೆ ಬೆವರು ಬಂದಾಗ ಆಜ್ಞೆ ಏಕೆ ಹೊರಟಿತು ಎಂದು ಕೇಳಬೇಕು.

ಮಹಿಳೆಯರಲ್ಲಿ ಇದಕ್ಕೆ ತೀರ ಸಾಮಾನ್ಯ ಉತ್ತರ ಮುಟ್ಟು ನಿಲ್ಲುವ ಕಾಲದ ಬದಲಾವಣೆ. ಫ್ರಿಜ್ಜಿನ ಥರ್ಮೋಸ್ಟ್ಯಾಟನ್ನು ನೆನಪಿಸಿಕೊಳ್ಳಿ. ಯಂತ್ರ ಚಾಲೂ ಆಗುವ ಉಷ್ಣತೆಗೂ ನಿಲ್ಲುವ ಉಷ್ಣತೆಗೂ ನಡುವೆ ಒಂದಿಷ್ಟು ಅಂತರವಿರುತ್ತದೆ. ಅಂತರವೇ ಇಲ್ಲದಿದ್ದರೆ ಯಂತ್ರ ಸದಾ ಚಾಲೂ ಆಗುತ್ತ, ನಿಲ್ಲುತ್ತ ಇರಬೇಕಾಗುತ್ತದೆ. ದೇಹದಲ್ಲೂ ಬೆವರು ಆರಂಭವಾಗುವ ಉಷ್ಣತೆ ಮತ್ತು ನಡುಕ ಆರಂಭವಾಗುವ ಉಷ್ಣತೆಗಳ ನಡುವೆ ಹೀಗೊಂದು ಅಂತರವಿದೆ. ಋತುಬಂಧದ ನಂತರವೂ ಬಿಸಿಯೇರಿಕೆಯ ತೊಂದರೆ ಇಲ್ಲದ ಮಹಿಳೆಯರಲ್ಲಿ ಇದು ಸುಮಾರು 0.4 ಡಿಗ್ರಿ ಸೆಲ್ಸಿಯಸ್ ಇದ್ದರೆ, ತೊಂದರೆ ಇರುವವರಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿರುವುದನ್ನು ಅಮೆರಿಕದ ರಾಬರ್ಟ್ ಫ್ರೀಡ್‌ಮನ್ ಪ್ರಯೋಗಗಳಲ್ಲಿ ಅಳೆದು ತೋರಿಸಿದರು. ಫ್ಯಾನ್ ಜೋರು ಮಾಡಿ ಎಂದ ಅಧ್ಯಾಪಕಿ ಹತ್ತು ನಿಮಿಷದಲ್ಲೇ ಸೆರಗು ಹೊದ್ದುಕೊಳ್ಳುವುದನ್ನು ನೀವು ಕಂಡಿರಬಹುದು. ಅದು ಚಂಚಲತೆಯಲ್ಲ, ನಿಯಂತ್ರಣ ವ್ಯವಸ್ಥೆಯ ವರ್ತನೆ! ಈ ಕಾಲದಲ್ಲಿ ಈಸ್ಟ್ರೋಜನ್ ಏರಿಳಿಯುವುದರಿಂದ ಮೈಗ್ರೇನ್ ಇರುವವರಿಗೆ ತಲೆನೋವೂ ಹೆಚ್ಚಬಹುದು.

ಇನ್ನೊಂದು ಕಾರಣ ಬಹಳ ವಿರಳ, ಆದರೆ ಅದನ್ನು ತಪ್ಪಿಸಿಕೊಂಡರೆ ಅಪಾಯ. ತಲೆನೋವು, ಬೆವರು, ಎದೆಬಡಿತ ಈ ಮೂರೂ ಇದ್ದಕ್ಕಿದ್ದಂತೆ ಒಟ್ಟಿಗೆ ಬಂದು, ಮುಖ ಬಿಳಿಚಿಕೊಂಡು, ಕೆಲವು ನಿಮಿಷಗಳಲ್ಲಿ ಅಥವಾ ಒಂದು ಗಂಟೆಯೊಳಗೆ ತಾನಾಗಿ ಇಳಿಯುತ್ತವೆ. ರಕ್ತದೊತ್ತಡ ವಿಪರೀತ ಏರುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದ ಗೆಡ್ಡೆ ಅಡ್ರಿನಲಿನ್ ಮತ್ತು ಅದರ ಬಂಧುಗಳನ್ನು ರಕ್ತಕ್ಕೆ ಸುರಿಯುವುದೇ ಇದಕ್ಕೆ ಕಾರಣ. ಹೆಸರು ಫಿಯೊಕ್ರೊಮೊಸೈಟೋಮ. 1886ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಫೆಲಿಕ್ಸ್ ಫ್ರೆಂಕೆಲ್ ಇದನ್ನು 18 ವರ್ಷದ ಯುವತಿಯೊಬ್ಬಳಲ್ಲಿ ಮೊದಲು ವರ್ಣಿಸಿದರು. ಆಕೆಯ ವಂಶದಲ್ಲಿ ಕಾರಣಭೂತ ಜೀನ್ ದೋಷ ಇರುವುದು 2007ರಲ್ಲಿ ವರದಿಯಾಯಿತು. ಈ ಗೆಡ್ಡೆಯ ಪತ್ತೆಗೆ ರಕ್ತದಲ್ಲಿ ಅಥವಾ 24 ಗಂಟೆಗಳ ಮೂತ್ರದಲ್ಲಿ ಮೆಟನೆಫ್ರಿನ್‌ಗಳನ್ನು ಅಳೆಯುತ್ತಾರೆ.

ಈಗ ಗಣಿತದ ಮೇಷ್ಟ್ರ ಕಥೆಗೆ ಬರೋಣ. ಅವರ ತೊಂದರೆ ಹೀಗೆ ಬಂದು ಹೋಗುವಂಥದ್ದಲ್ಲ. ಅದು ಸದಾ ಇತ್ತು, ನಿಧಾನವಾಗಿ ಹೆಚ್ಚುತ್ತಿತ್ತು. ಹತ್ತು ವರ್ಷಗಳ ಬಳಿಕ ಊರಿಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ, ಆಗ ವೈದ್ಯನಾಗಿದ್ದವನು, ಅವರನ್ನು ಕಂಡೊಡನೆ ಕೇಳಿದ್ದು: "ಸಾರ್, ನಿಮ್ಮ ಚಪ್ಪಲಿಯ ಅಳತೆ ಬದಲಾಗಿದೆಯೆ?" ಬದಲಾಗಿತ್ತು. ಮದುವೆಯ ಉಂಗುರವನ್ನು ಎರಡು ಬಾರಿ ದೊಡ್ಡದು ಮಾಡಿಸಿದ್ದರು. ಮೂಗು ಮತ್ತು ದವಡೆ ದಪ್ಪವಾಗಿದ್ದವು. ದಿನವೂ ನೋಡುತ್ತಿದ್ದ ನಮಗೆ ಯಾರಿಗೂ ಇದು ಕಾಣಿಸಿರಲಿಲ್ಲ. ಅಳತೆ ಕಲಿಸುವುದೇ ನನ್ನ ವೃತ್ತಿ. ಆದರೂ ಹಳೆಯ ಫೋಟೋ ಒಂದನ್ನು ಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಅವರಿಗಿದ್ದದ್ದು ಆಕ್ರೊಮೆಗಲಿ. ಕಾಕತಾಳೀಯವೋ ಏನೋ, ಫ್ರಾನ್ಸಿನ ಪಿಯರ್ ಮರಿ ಇದಕ್ಕೆ ಈ ಹೆಸರಿಟ್ಟದ್ದೂ 1886ರಲ್ಲೇ. ಮಿದುಳಿನ ತಳದಲ್ಲಿರುವ, ಅರ್ಧ ಗ್ರಾಂ ತೂಗುವ ಪಿಟ್ಯೂಟರಿ ಗ್ರಂಥಿಯಲ್ಲಿ ಗೆಡ್ಡೆಯಾಗಿ, ಬೆಳವಣಿಗೆಯ ಹಾರ್ಮೋನು ಅತಿಯಾಗಿ ಸ್ರವಿಸುತ್ತದೆ. ನಡುವಯಸ್ಸಿನಲ್ಲಿ ಉದ್ದ ಮೂಳೆಗಳ ತುದಿ ಕೂಡಿಕೊಂಡಿರುವುದರಿಂದ ಎತ್ತರ ಹೆಚ್ಚುವುದಿಲ್ಲ. ಕೈ, ಕಾಲು, ದವಡೆ ಬೆಳೆಯುತ್ತವೆ. ಬೆವರಿನ ಗ್ರಂಥಿಗಳೂ ಹಿಗ್ಗುತ್ತವೆ. ಈ ಹಾರ್ಮೋನು ಅಲೆಅಲೆಯಾಗಿ ಬಿಡುಗಡೆಯಾಗುವುದರಿಂದ ಒಂದು ಬಾರಿಯ ಅಳತೆ ನಂಬಲರ್ಹವಲ್ಲ. ಪರ್ಯಾಯ ವಿದ್ಯುತ್ತಿನ ವೋಲ್ಟೇಜನ್ನು ಯಾವುದೋ ಒಂದು ಕ್ಷಣದಲ್ಲಿ ಅಳೆದಂತೆ ಅದು. ಹಾಗಾಗಿ ಇದರ ಪ್ರಭಾವದಿಂದ ಯಕೃತ್ತು ತಯಾರಿಸುವ, ದಿನವಿಡೀ ಬಹುಮಟ್ಟಿಗೆ ಸ್ಥಿರವಾಗಿರುವ ಐಜಿಎಫ್-1 ಎಂಬ ಪ್ರೋಟೀನನ್ನು ಅಳೆಯುತ್ತಾರೆ.

ಇವೆರಡೂ ಅಪರೂಪದವು. ನಿಮಗೆ ತಲೆನೋವು, ಬೆವರು ಇದ್ದರೆ ಕಾರಣ ಬೇರೆಯದೇ ಇರುವ ಸಂಭವ ಹೆಚ್ಚು: ಥೈರಾಯ್ಡಿನ ಅತಿಚಟುವಟಿಕೆ, ಸಕ್ಕರೆ ಕಾಯಿಲೆಯ ಔಷಧಿಯಿಂದ ಗ್ಲೂಕೋಸ್ ಕುಸಿಯುವುದು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಗೊರಕೆಯೊಂದಿಗೆ ನಿದ್ರೆಯಲ್ಲಿ ಉಸಿರು ಕಟ್ಟುವುದು. ತಲೆನೋವಿನ ಸಾಮಾನ್ಯ ಮಾತ್ರೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವನ್ನು ತರಬಹುದು. ರಾತ್ರಿ ಬೆವರಿನ ಜೊತೆ ಜ್ವರ, ಎರಡು ವಾರ ದಾಟಿದ ಕೆಮ್ಮು, ತೂಕ ಇಳಿಕೆ ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು.

ವೈದ್ಯರಲ್ಲಿಗೆ ಹೋಗುವ ಮುನ್ನ ಎರಡು ವಾರ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತು ಇತ್ತು, ಆಗ ನಾಡಿ ಮತ್ತು ರಕ್ತದೊತ್ತಡ ಎಷ್ಟು, ಯಾವ ಮಾತ್ರೆ ತೆಗೆದುಕೊಂಡಿರಿ. ಆದರೆ ಬೆವರಿನ ಜೊತೆ ಎದೆನೋವು ಬಂದರೆ, ಸಿಡಿಲೆರಗಿದಂತೆ ತಲೆನೋವು ಬಂದರೆ, ಮಾತು ತೊದಲಿದರೆ, ದೃಷ್ಟಿ ಮಂಜಾದರೆ ಪುಸ್ತಕ ಬೇಡ, ಕೂಡಲೇ ಆಸ್ಪತ್ರೆಗೆ ಹೋಗಿ.

ಮೇಷ್ಟ್ರ ಗೆಡ್ಡೆಯನ್ನು ಮೂಗಿನ ಮೂಲಕ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಬೆವರು ಕೆಲವೇ ವಾರಗಳಲ್ಲಿ ಇಳಿಯಿತು. ಬೆರಳಿನ ಊತ ತಗ್ಗಿ ಉಂಗುರ ಈಗ ಸಡಿಲವಾಗಿದೆ. ದವಡೆ ಮಾತ್ರ ಹಾಗೆಯೇ ಇದೆ. ಒಮ್ಮೆ ಬೆಳೆದ ಮೂಳೆ ಹಿಂದಕ್ಕೆ ಸರಿಯುವುದಿಲ್ಲ.