ದೊರೆಯೂ ಇದ್ದಾನೆ, ದೊರೆಯನ್ನು ತೆಗೆಯೋ ನಿಯಮವೂ ಇದೆ: ಲಿಕ್ಟೆನ್‌ಸ್ಟೈನ್ ಎಂಬ ಪುಟಾಣಿ ದೇಶ

ಕ್ವಿಜ್ ಆಡುವವರಿಗೆ ಈ ಪ್ರಶ್ನೆ ಹಳೇದು. ತನಗೂ ಸಮುದ್ರ ಇಲ್ಲ, ಅಕ್ಕಪಕ್ಕದ ದೇಶಗಳಿಗೂ ಸಮುದ್ರ ಇಲ್ಲ, ಅಂಥ ದೇಶಗಳು ಜಗತ್ತಿನಲ್ಲಿ ಎರಡೇ ಎರಡು. ಯಾವುವು? ಒಂದು ಉಜ್ಬೇಕಿಸ್ತಾನ, ಇನ್ನೊಂದು ಲಿಕ್ಟೆನ್‌ಸ್ಟೈನ್. ಉತ್ತರ ಹೇಳಿ ಅಂಕ ತಗೊಂಡ ಮೇಲೆ ಈ ಎರಡನೇ ದೇಶವನ್ನು ಸಾಮಾನ್ಯವಾಗಿ ಎಲ್ಲರೂ ಮರೆತುಬಿಡ್ತೀವಿ. ಆದರೆ ಅದರ ಸಂವಿಧಾನ ತೆಗೆದು ನೋಡಿದರೆ ಕ್ವಿಜ್‌ಗಿಂತ ದೊಡ್ಡ ಪ್ರಶ್ನೆಯೊಂದು ಎದುರಾಗುತ್ತೆ. ಒಂದು ದೇಶದಲ್ಲಿ ಕೊನೆಯ ಮಾತು ಯಾರದು? ಆಯ್ಕೆಯಾದವರದೋ, ಜನರದೋ, ಅರಮನೆಯದೋ?

ಮೊದಲು ದೇಶದ ಪರಿಚಯ ಮಾಡ್ಕೊಳ್ಳೋಣ.

ಕೊಂಡುಕೊಂಡ ದೇಶ

ಆಲ್ಪ್ಸ್ ಪರ್ವತಗಳ ನಡುವೆ, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ ಮಧ್ಯೆ ಸಿಕ್ಕಿಕೊಂಡಿರೋ ಈ ದೇಶದ ವಿಸ್ತೀರ್ಣ 160 ಚದರ ಕಿಲೋಮೀಟರ್. ಉತ್ತರದಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ಜನಸಂಖ್ಯೆ ಸುಮಾರು 40,000. ಪಶ್ಚಿಮದ ಗಡಿಯುದ್ದಕ್ಕೂ ರೈನ್ ನದಿ, ಪೂರ್ವಕ್ಕೆ ಬೆಟ್ಟ. ಅತಿ ಎತ್ತರದ ಶಿಖರ ಗ್ರೌಸ್ಪಿಟ್ಸ್, 2,599 ಮೀಟರ್. ರಾಜಧಾನಿ ವಾಡೂಟ್ಸ್. ಒಟ್ಟು 11 ಊರಾಡಳಿತಗಳು. ವಿಮಾನ ನಿಲ್ದಾಣ ಇಲ್ಲ. ಇಲ್ಲಿ ಓಡೋ ರೈಲು ಆಸ್ಟ್ರಿಯಾದ್ದು, ಜೇಬಲ್ಲಿರೋ ದುಡ್ಡು ಸ್ವಿಸ್ ಫ್ರಾಂಕ್, ಮಾತು ಜರ್ಮನ್.

ಈ ದೇಶ ಹುಟ್ಟಿದ ರೀತಿ ವಿಚಿತ್ರ. ಲಿಕ್ಟೆನ್‌ಸ್ಟೈನ್ ಅನ್ನೋದು ಮೊದಲು ಊರಿನ ಹೆಸರಲ್ಲ, ಮನೆತನದ ಹೆಸರು. ವಿಯೆನ್ನಾದಲ್ಲಿದ್ದ ಈ ಶ್ರೀಮಂತ ಮನೆತನಕ್ಕೆ ಆಸ್ತಿಗೇನೂ ಕೊರತೆ ಇರಲಿಲ್ಲ. ಆದರೆ ಪವಿತ್ರ ರೋಮನ್ ಸಾಮ್ರಾಜ್ಯದ ಸಭೆಯಲ್ಲಿ ಪೀಠ ಬೇಕಂದ್ರೆ ನೇರವಾಗಿ ಚಕ್ರವರ್ತಿಯ ಕೆಳಗೇ ಬರುವ ಜಮೀನು ಇರಬೇಕಿತ್ತು. ಅಂಥ ಜಮೀನು ಹುಡುಕಿ 1699ರಲ್ಲಿ ಶೆಲ್ಲೆನ್‌ಬರ್ಗ್, 1712ರಲ್ಲಿ ವಾಡೂಟ್ಸ್ ಪ್ರಾಂತ್ಯವನ್ನು ದುಡ್ಡು ಕೊಟ್ಟು ಕೊಂಡರು. 1719ರಲ್ಲಿ ಚಕ್ರವರ್ತಿ ಆರನೇ ಚಾರ್ಲ್ಸ್ ಎರಡನ್ನೂ ಸೇರಿಸಿ ಸಂಸ್ಥಾನದ ದರ್ಜೆ ಕೊಟ್ಟ. ದೊರೆಯ ಬಿರುದು 'ಪ್ರಿನ್ಸ್' ಆದ್ದರಿಂದ ಇಲ್ಲಿ ಮೇಲೊಬ್ಬ ರಾಜ ಇಲ್ಲ, ಪ್ರಿನ್ಸೇ ಆಳುವವನು.

ತಮಾಷೆ ಏನಂದ್ರೆ, ಕೊಂಡವರು ಆಮೇಲೆ ನೂರಾರು ವರ್ಷ ಅಲ್ಲಿ ವಾಸಕ್ಕೇ ಬರಲಿಲ್ಲ. ಆಳುವ ದೊರೆ ಖಾಯಂ ಆಗಿ ವಾಡೂಟ್ಸ್‌ಗೆ ಬಂದು ನೆಲೆಸಿದ್ದು 1938ರಲ್ಲಿ, ಎರಡನೇ ಫ್ರಾನ್ಸ್ ಜೋಸೆಫ್ ಕಾಲದಲ್ಲಿ. ಅಷ್ಟರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿಯಾಗಿತ್ತು.

ಸಾಲ ತಂದು ಸಂಸಾರ

ಇಷ್ಟು ಚಿಕ್ಕ ದೇಶ ಉಳ್ಕೊಂಡಿದ್ದು ಹೇಗೆ? ಎಲ್ಲವನ್ನೂ ತಾನೇ ಮಾಡ್ತೀನಿ ಅಂತ ಹಟ ಹಿಡಿಯದೇ ಇದ್ದದ್ದರಿಂದ. 1868ರಲ್ಲಿ ಸೈನ್ಯವನ್ನೇ ವಿಸರ್ಜಿಸಿದರು. ಅದಕ್ಕೆ ಎರಡು ವರ್ಷ ಮುಂಚೆ, 1866ರ ಯುದ್ಧಕ್ಕೆ 80 ಸೈನಿಕರು ಹೋಗಿ 81 ಜನ ವಾಪಸ್ ಬಂದರು, ದಾರಿಯಲ್ಲಿ ಒಬ್ಬ ಗೆಳೆಯ ಸಿಕ್ಕಿದ್ದ ಅಂತ ಒಂದು ಕಥೆ ಈಗಲೂ ಹೇಳ್ತಾರೆ. ಮೊದಲ ಮಹಾಯುದ್ಧದವರೆಗೂ ಸುಂಕದ ವ್ಯವಹಾರ ಆಸ್ಟ್ರಿಯಾ ಜೊತೆಗಿತ್ತು. ಆ ಸಾಮ್ರಾಜ್ಯ ಕುಸಿದ ಮೇಲೆ ಈ ಕಡೆ ತಿರುಗಿ 1923ರಲ್ಲಿ ಸ್ವಿಟ್ಜರ್ಲೆಂಡ್ ಜೊತೆ ಸುಂಕ ಒಪ್ಪಂದ ಮಾಡ್ಕೊಂಡರು.

ಎರಡನೇ ಮಹಾಯುದ್ಧದ ನಂತರ ದೇಶದ ಹಣೆಬರಹ ಬದಲಾಯಿತು. ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಷ್ಟ ಆಗೋ ಒಂದು ಉದಾಹರಣೆ ಇಲ್ಲಿದೆ. ಕರ್ಟ್ ಹೆರ್ಜ್‌ಸ್ಟಾರ್ಕ್ ಎಂಬ ಆಸ್ಟ್ರಿಯಾದ ಎಂಜಿನಿಯರ್ ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಲ್ಲಿ ಕೈದಿಯಾಗಿದ್ದಾಗಲೇ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಲೆಕ್ಕದ ಯಂತ್ರವೊಂದರ ನಕ್ಷೆ ಬರೆದಿದ್ದ. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಬರೀ ಹಲ್ಲಿನ ಚಕ್ರಗಳು. ಕಾಫಿ ಬೀಜ ಬೀಸೋ ಹಾಗೆ ಹಿಡಿ ತಿರುಗಿಸಿದರೆ ಕೂಡಿ, ಕಳೆದು, ಗುಣಿಸಿ, ಭಾಗಿಸಿ ಕೊಡುತ್ತೆ. ಯುದ್ಧ ಮುಗಿದ ಮೇಲೆ ಈ 'ಕುರ್ಟಾ' ತಯಾರಾಗಿದ್ದು ಲಿಕ್ಟೆನ್‌ಸ್ಟೈನ್‌ನ ಮೌರೆನ್ ಎಂಬ ಹಳ್ಳಿಯಲ್ಲಿ. ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬರೋವರೆಗೆ ಸುಮಾರು 1,40,000 ಯಂತ್ರ ತಯಾರಾದವು. ಕಟ್ಟಡ ಕೆಲಸದ ಜಾಗಗಳಲ್ಲಿ ಕಾಣೋ ಕೆಂಪು ಬಣ್ಣದ ಹಿಲ್ಟಿ ಡ್ರಿಲ್ ಕೂಡ ಇಲ್ಲಿಯ ಶಾನ್ ಊರಿನ ಕಂಪನಿಯದೇ. ಇಲ್ಲಿ ಕೆಲಸ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದಿನಾ ಬೆಳಿಗ್ಗೆ ಗಡಿ ದಾಟಿ ಬಂದು ಸಂಜೆ ವಾಪಸ್ ಹೋಗುವವರು.

ಇನ್ನೊಂದು ಮುಖವೂ ಇದೆ: ಬ್ಯಾಂಕ್. ಕಡಿಮೆ ತೆರಿಗೆ ಮತ್ತು ಗುಟ್ಟು ಬಿಡದ ಬ್ಯಾಂಕುಗಳು ಹೊರಗಿನ ಶ್ರೀಮಂತರನ್ನು ಸೆಳೆದವು. 2008ರಲ್ಲಿ ಎಲ್‌ಜಿಟಿ ಬ್ಯಾಂಕಿನ ಗ್ರಾಹಕರ ಕದ್ದ ಮಾಹಿತಿ ಜರ್ಮನಿಯ ಕೈಸೇರಿ ದೊಡ್ಡ ಗಲಾಟೆಯಾಯಿತು. ಆ ಪಟ್ಟಿಯಲ್ಲಿ ಭಾರತೀಯರ ಹೆಸರುಗಳೂ ಇದ್ದವು. ಕಪ್ಪುಹಣದ ಬಗ್ಗೆ ರಾಮ್ ಜೇಠ್ಮಲಾನಿ ಹೂಡಿದ್ದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ 2011ರಲ್ಲಿ ಕೊಟ್ಟ ಆದೇಶದಲ್ಲಿ ಲಿಕ್ಟೆನ್‌ಸ್ಟೈನ್ ಹೆಸರು ಬಂದಿದ್ದು ಹೀಗೆ. ಅಂದಹಾಗೆ, ಎಲ್‌ಜಿಟಿ ಬ್ಯಾಂಕಿನ ಮಾಲೀಕರು ದೊರೆಯ ಮನೆತನದವರೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಸರ್ಕಾರ ಅಂದ್ರೆ ಐದೇ ಜನ

ಸಂಸತ್ತಿನ ಹೆಸರು ಲ್ಯಾಂಡ್‌ಟಾಗ್. 25 ಸದಸ್ಯರು, ಅವಧಿ 4 ವರ್ಷ. ಮೇಲ್ನಾಡು ಎನ್ನುವ ಹಳೆಯ ವಾಡೂಟ್ಸ್ ಭಾಗದಿಂದ 15, ಕೆಳನಾಡು ಎನ್ನುವ ಶೆಲ್ಲೆನ್‌ಬರ್ಗ್ ಭಾಗದಿಂದ 10. ಮುನ್ನೂರು ವರ್ಷದ ಹಿಂದಿನ ಎರಡು ಖರೀದಿಗಳು ಇವತ್ತಿಗೂ ಸೀಟು ಹಂಚಿಕೆಯಲ್ಲಿ ಕಾಣ್ತವೆ ನೋಡಿ! ಒಂದು ಪಕ್ಷ ಒಳಗೆ ಬರಬೇಕಂದ್ರೆ ಕನಿಷ್ಠ 8% ಮತ ಬೇಕು. ಸಂಪುಟದಲ್ಲಿ ಪ್ರಧಾನಿಯೂ ಸೇರಿ ಐದೇ ಮಂದಿ. 2025ರ ಏಪ್ರಿಲ್‌ನಲ್ಲಿ ಬ್ರಿಗಿಟ್ ಹಾಸ್ ಮೊದಲ ಮಹಿಳಾ ಪ್ರಧಾನಿಯಾದರು.

ಜನರಿಗೂ ನೇರ ಅಧಿಕಾರ ಇದೆ. 1,000 ಮತದಾರರು ಸಹಿ ಹಾಕಿದರೆ ಹೊಸ ಕಾಯ್ದೆಯನ್ನು ಪ್ರಸ್ತಾಪಿಸಬಹುದು, ಸಂಸತ್ತು ಮಾಡಿದ ಕಾಯ್ದೆಯನ್ನು ಜನಮತಕ್ಕೆ ಎಳೆಯಬಹುದು. ಸಂವಿಧಾನದ ವಿಷಯಕ್ಕೆ 1,500 ಸಹಿ ಸಾಕು.

ಇಲ್ಲಿಯವರೆಗೆ ಓದಿದರೆ ಪಕ್ಕಾ ಪ್ರಜಾಪ್ರಭುತ್ವ ಅನ್ಸುತ್ತೆ. ಈಗ ದೊರೆಯ ಪಟ್ಟಿ ನೋಡಿ. ಯಾವ ಕಾಯ್ದೆಗೂ ದೊರೆಯ ಒಪ್ಪಿಗೆ ಬೇಕು. ಆರು ತಿಂಗಳೊಳಗೆ ಅವರು ಸಹಿ ಹಾಕದಿದ್ದರೆ ಕಾಯ್ದೆ ಬಿದ್ದುಹೋಯಿತು ಅಂತಲೇ ಅರ್ಥ. ಜನಮತದಲ್ಲಿ ಗೆದ್ದು ಬಂದ ಕಾಯ್ದೆಗೂ ಇದೇ ನಿಯಮ. ವಿಶ್ವಾಸ ಹೋಯಿತು ಅಂತ ಸರ್ಕಾರವನ್ನು ಮನೆಗೆ ಕಳಿಸಬಹುದು. ಸಂಸತ್ತನ್ನು ವಿಸರ್ಜಿಸಬಹುದು. ನ್ಯಾಯಾಧೀಶರನ್ನು ಆರಿಸುವ ಸಮಿತಿಗೆ ದೊರೆಯೇ ಅಧ್ಯಕ್ಷ. ಬ್ರಿಟನ್ನಿನ ರಾಜನಂತೆ ಬರೀ ಮುದ್ರೆ ಒತ್ತುವ ಕೆಲಸ ಇದಲ್ಲ.

2003ರ ಚೌಕಾಶಿ

ಈ ಅಧಿಕಾರಗಳಿಗೆ ಈಗಿನ ರೂಪ ಬಂದಿದ್ದು 2003ರಲ್ಲಿ. ಅದರ ಹಿಂದೆ ಹತ್ತು ವರ್ಷದ ಜಗಳ ಇದೆ. 1992ರಲ್ಲಿ ಯುರೋಪಿಯನ್ ಆರ್ಥಿಕ ವಲಯ ಸೇರೋ ಬಗ್ಗೆ ಜನಮತ ಯಾವತ್ತು ನಡೆಸಬೇಕು ಎಂಬ ವಿಷಯಕ್ಕೆ ದೊರೆ ಎರಡನೇ ಹಾನ್ಸ್-ಆಡಮ್‌ಗೂ ಸರ್ಕಾರಕ್ಕೂ ಜಟಾಪಟಿ ಆಯಿತು. ಸಂಸತ್ತು ವಿಸರ್ಜಿಸುವ ಮಾತು ಬಂದಾಗ ಸುಮಾರು 2,000 ಜನ ವಾಡೂಟ್ಸ್‌ನಲ್ಲಿ ಬೀದಿಗಿಳಿದರು. ಅಷ್ಟು ಚಿಕ್ಕ ದೇಶಕ್ಕೆ ಅದು ಜನಸಾಗರವೇ. ಕೊನೆಗೆ ರಾಜಿ ಆಯಿತು. ಆದರೆ ಯಾರ ಅಧಿಕಾರ ಎಲ್ಲಿವರೆಗೆ ಅನ್ನೋ ಪ್ರಶ್ನೆ ಹಾಗೇ ಉಳೀತು.

ಮುಂದೆ ದೊರೆ ತಮ್ಮದೇ ತಿದ್ದುಪಡಿ ತಂದರು. ಒಪ್ಪದಿದ್ದರೆ ದೇಶ ಬಿಟ್ಟು ವಿಯೆನ್ನಾಕ್ಕೆ ಹೋಗ್ತೀನಿ ಅಂದರು. ಯುರೋಪ್ ಕೌನ್ಸಿಲ್‌ನ ವೆನಿಸ್ ಆಯೋಗ ಇದು ಪ್ರಜಾಪ್ರಭುತ್ವಕ್ಕೆ ಹಿನ್ನಡೆ ಅಂತ ಟೀಕಿಸಿತು. ಆದರೂ 2003ರ ಮಾರ್ಚ್‌ನ ಜನಮತದಲ್ಲಿ 64.3% ಮತ ದೊರೆಯ ಪರವಾಗಿ ಬಿತ್ತು.

ಇಲ್ಲೇ ಸ್ವಾರಸ್ಯ ಇರೋದು. ಅದೇ ತಿದ್ದುಪಡಿ ಜನರ ಕೈಗೂ ಕೆಲವು ಅಸ್ತ್ರ ಕೊಟ್ಟಿತು. 1,500 ಮತದಾರರು ಕೇಳಿದರೆ ದೊರೆಯ ಮೇಲೆ ಅವಿಶ್ವಾಸ ನಿರ್ಣಯವನ್ನು ಜನಮತಕ್ಕೆ ಹಾಕಬೇಕು. ಅಷ್ಟೇ ಜನ ಕೇಳಿದರೆ ರಾಜಪ್ರಭುತ್ವವನ್ನೇ ರದ್ದು ಮಾಡುವ ಪ್ರಕ್ರಿಯೆ ಶುರುವಾಗುತ್ತೆ. ಜನ ಹೌದು ಅಂದರೆ ಸಂಸತ್ತು ಗಣರಾಜ್ಯದ ಹೊಸ ಸಂವಿಧಾನ ಬರೆಯಬೇಕು. ಈ ಒಂದು ವಿಷಯದಲ್ಲಿ ದೊರೆಯ ವೀಟೋ ನಡೆಯಲ್ಲ. 11 ಊರಾಡಳಿತಗಳಲ್ಲಿ ಯಾವುದಕ್ಕಾದರೂ ಬೇಡ ಅನ್ಸಿದರೆ ದೇಶ ಬಿಟ್ಟು ಹೋಗುವ ಹಕ್ಕೂ ಇದೆ.

ನಮ್ಮ ಭಾಷೇಲಿ ಹೇಳಬೇಕಂದ್ರೆ, ದಿನನಿತ್ಯದ ಅಡ್ಮಿನ್ ಪಾಸ್‌ವರ್ಡ್ ದೊರೆಯ ಹತ್ತಿರ, ಫ್ಯಾಕ್ಟರಿ ರೀಸೆಟ್ ಬಟನ್ ಜನರ ಹತ್ತಿರ. ಸಮಸ್ಯೆ ಏನಂದ್ರೆ, ಒಂದು ಸೆಟ್ಟಿಂಗ್ ಬದಲಾಯಿಸೋಕೆ ಯಾರೂ ಇಡೀ ಫೋನ್ ರೀಸೆಟ್ ಮಾಡಲ್ಲ.

ಪರೀಕ್ಷೆ ಬಂದಾಗ

2004ರ ಆಗಸ್ಟ್ 15ರಂದು ಹಾನ್ಸ್-ಆಡಮ್ ದೈನಂದಿನ ಆಡಳಿತವನ್ನು ಮಗ ಅಲೋಯಿಸ್‌ಗೆ ವಹಿಸಿದರು. ಆಗಸ್ಟ್ 15 ನಮ್ಮ ಸ್ವಾತಂತ್ರ್ಯ ದಿನ, ಅವರ ರಾಷ್ಟ್ರೀಯ ದಿನ. ನಾವು ದೊರೆಗಳನ್ನೆಲ್ಲ ಬೀಳ್ಕೊಟ್ಟ ಕಾಲವನ್ನು ನೆನೆಯೋ ದಿನ ಅವರು ಅರಮನೆಯ ತೋಟದಲ್ಲಿ ದೊರೆಯ ಜೊತೆ ಬಿಯರ್ ಕುಡೀತಾರೆ.

ಒಪ್ಪಂದಕ್ಕೆ ನಿಜವಾದ ಪರೀಕ್ಷೆ ಬಂದಿದ್ದು 2011ರಲ್ಲಿ. ಕ್ಯಾಥೊಲಿಕ್ ಸಂಪ್ರದಾಯದ ಈ ದೇಶದಲ್ಲಿ ಗರ್ಭಪಾತ ಅಪರಾಧವಾಗಿತ್ತು. ಅದನ್ನು ಸಡಿಲಿಸುವ ಪ್ರಸ್ತಾಪ ಜನಮತಕ್ಕೆ ಬಂತು. ಮತದಾನಕ್ಕೂ ಮುಂಚೆಯೇ ಅಲೋಯಿಸ್, ಗೆದ್ದರೂ ನಾನು ಸಹಿ ಹಾಕಲ್ಲ ಅಂತ ತಿಳಿಸಿಬಿಟ್ಟರು. ಪ್ರಸ್ತಾಪ ಸೋತಿತು, ವಿರುದ್ಧ ಬಿದ್ದದ್ದು 52.3%. ಅಂತರ ಇಷ್ಟು ಕಡಿಮೆ ಇರುವಾಗ, ಹೇಗೂ ಆಗದ ಕೆಲಸಕ್ಕೆ ಯಾಕೆ ಮತ ಅಂತ ಎಷ್ಟು ಜನ ಸುಮ್ಮನಾದರೋ ಲೆಕ್ಕ ಹಾಕೋರು ಯಾರು? ವೀಟೋದ ಬಲ ಇರೋದೇ ಇಲ್ಲಿ. ಬಳಸಬೇಕಾಗಿಲ್ಲ, ಬಳಸ್ತೀನಿ ಅಂದರೆ ಸಾಕು. ಇದರ ಬೆಲೆ ತೆತ್ತವರು ಯಾರು ಅಂತ ಕೇಳಿದರೆ, ಗಡಿಯಾಚೆಗೆ ಚಿಕಿತ್ಸೆಗೆ ಹೋಗಬೇಕಾದ ಹೆಣ್ಣುಮಕ್ಕಳು.

ಕೆಲವರು ಇದನ್ನು ಅಲ್ಲಿಗೇ ಬಿಡಲಿಲ್ಲ. ಜನಮತದಲ್ಲಿ ಗೆದ್ದ ಕಾಯ್ದೆಗೆ ದೊರೆಯ ವೀಟೋ ಬೇಡ ಅಂತ 2012ರಲ್ಲಿ ಮತ್ತೊಂದು ಜನಮತ ಮಾಡಿಸಿದರು. ಫಲಿತಾಂಶ? ಸುಮಾರು 76% ಜನ 'ದೊರೆಯ ವೀಟೋ ಇರಲಿ' ಅಂದರು!

ಯಾಕೆ? ದೊರೆ ಜನರ ತೆರಿಗೆ ನಂಬಿ ಬದುಕುವವರಲ್ಲ, ಮನೆತನದ ಆಸ್ತಿಯೇ ಬೇಕಾದಷ್ಟಿದೆ. ಎಲ್ಲರಿಗೂ ಎಲ್ಲರೂ ಗೊತ್ತಿರೋ ಸಣ್ಣ ಸಮಾಜದಲ್ಲಿ ಪಕ್ಷಗಳ ಜಗಳಕ್ಕೆ ಮೇಲೊಬ್ಬ ಹಿರಿಯ ಇರಲಿ ಅನ್ನೋ ಭಾವನೆಯೂ ಇದ್ದೀತು. ಎಲ್ಲಕ್ಕಿಂತ ಮುಖ್ಯವಾಗಿ, ಎರಡೇ ತಲೆಮಾರಿನಲ್ಲಿ ಬಡ ರೈತರ ನಾಡು ಜಗತ್ತಿನ ಅತಿ ಶ್ರೀಮಂತ ದೇಶಗಳಲ್ಲಿ ಒಂದಾಗಿದೆ. ಚೆನ್ನಾಗಿ ಓಡ್ತಿರೋ ಗಾಡಿಯನ್ನು ಬಿಚ್ಚಿ ನೋಡೋಕೆ ಯಾರಿಗೆ ಮನಸ್ಸು ಬರುತ್ತೆ?

'ಜನ' ಅಂದ್ರೆ ಯಾರು?

ಆದರೂ ಒಂದು ಮಾತು. ಜನರೇ ಒಪ್ಪಿದ್ದಾರಲ್ಲ ಅಂದು ಮುಗಿಸೋ ಮುಂಚೆ 'ಜನ' ಎಂಬ ಪದವನ್ನೂ ನೋಡಬೇಕು. ಈ ದೇಶದಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಸಿಕ್ಕಿದ್ದು 1984ರಲ್ಲಿ, ಯುರೋಪಿನಲ್ಲೇ ತೀರಾ ತಡವಾಗಿ. ಅದನ್ನು ತೀರ್ಮಾನಿಸಿದ್ದೂ ಜನಮತವೇ. 1971 ಮತ್ತು 1973ರಲ್ಲಿ ಗಂಡಸರು ಬೇಡ ಅಂದಿದ್ದರು, ಮೂರನೇ ಸಲ 51.3% ಬಂದು ಅಂತೂ ದಾಟಿತು. ಇವತ್ತಿಗೂ ನಿವಾಸಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ವಿದೇಶಿಯರು, ಅವರಿಗೆ ಮತ ಇಲ್ಲ. ದೊರೆಯ ಗದ್ದುಗೆಯೂ ಮನೆತನದ ನಿಯಮದಂತೆ ಗಂಡುಮಕ್ಕಳಿಗೇ.

ಹಾಗಂತ ಲಿಕ್ಟೆನ್‌ಸ್ಟೈನನ್ನು ಸರ್ವಾಧಿಕಾರ ಅನ್ನೋಕಾಗಲ್ಲ. ದೊರೆಯನ್ನು ಇಳಿಸುವ ದಾರಿಯನ್ನು ಇಷ್ಟು ಬಿಡಿಸಿ ಬರೆದಿಟ್ಟಿರುವ ರಾಜಪ್ರಭುತ್ವ ಸಿಗೋದು ಕಷ್ಟ. ಆದರೆ 2003ರಿಂದ ಇಲ್ಲಿಯವರೆಗೆ ಆ ರೀಸೆಟ್ ಬಟನ್ ಒತ್ತಿದವರಿಲ್ಲ. ಒತ್ತದೇ ಇರೋದು ಒಪ್ಪಿಗೆಯೋ, ಅನುಕೂಲವೋ, ಇರೋದು ಕಳ್ಕೊಂಡೇವು ಅನ್ನೋ ಅಂಜಿಕೆಯೋ? ಮುಂದಿನ ಕ್ವಿಜ್‌ನಲ್ಲಿ ಈ ದೇಶದ ಹೆಸರು ಬಂದಾಗ ಸಮುದ್ರದ ಜೊತೆ ಈ ಪ್ರಶ್ನೆಯನ್ನೂ ಒಮ್ಮೆ ಕೇಳ್ಕೊಳ್ಳಿ.